ಹೊಸ್ತಿಲಲ್ಲಿ ನಿಂತು ಕೇಳಿದ ಬಾಕಿ

ಕಂಪ್ಯೂಟರ್ ನನ್ನನ್ನು ಕೇಳಿತು: ಈಗಲೇ ಕಟ್ಟುತ್ತೀರೋ, ಆಮೇಲೆ ಕಟ್ಟುತ್ತೀರೋ?

ಇಷ್ಟು ಮರ್ಯಾದೆಯಿಂದ ನನ್ನ ಹತ್ತಿರ ಯಾರೂ ದುಡ್ಡು ಕೇಳಿರಲಿಲ್ಲ. ಆದಾಯ ತೆರಿಗೆಯ ರಿಟರ್ನ್ ನಾನೇ ತುಂಬಿ (ಇಂಜಿನಿಯರ್ ಆದವನಿಗೆ ಇಷ್ಟೂ ಬರುವುದಿಲ್ಲವೇ ಎಂಬ ಜಂಬದಿಂದ), ಕೊನೆಗೆ ಬಂದ ಮೊತ್ತ ನೋಡಿ ಬೆವರುತ್ತ ಕೂತಿದ್ದೆ. ಆಗ ಪರದೆಯ ಮೇಲೆ ಎರಡು ಬಟನ್ ಬಂದವು. ಒಂದು ‘ಪೇ ನೌ’, ಇನ್ನೊಂದು ‘ಪೇ ಲೇಟರ್’. ಯಾವುದನ್ನು ಒತ್ತಿದೆ ಅಂತ ಬೇರೆ ಹೇಳಬೇಕೇ?

(ಮೊತ್ತ ಎಷ್ಟು ಅಂತ ಬರೆಯುವುದಿಲ್ಲ. ದೊಡ್ಡದು ಅಂದರೆ ಸಾಲ ಕೇಳುವವರು ಬರುತ್ತಾರೆ. ಸಣ್ಣದು ಅಂದರೆ ಹೆಣ್ಣು ಕೊಟ್ಟ ಮಾವನವರು ಬೇಜಾರು ಮಾಡಿಕೊಳ್ಳುತ್ತಾರೆ.)

ಈ ಅಂಕಣವನ್ನು ಮೊದಲಿನಿಂದ ಓದುವವರಿಗೆ ನನ್ನ ಕತೆ ಗೊತ್ತು. ಹೊಸಬರಿಗಾಗಿ ಚುಟುಕಾಗಿ ಹೇಳುತ್ತೇನೆ. ವಾಡಿ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದೆ. ಕೂದಲು ನೆರೆಯಲು ಶುರುವಾದ ಮೇಲೆ ಬುದ್ಧಿ ಬಂತೋ, ಇದ್ದ ಬುದ್ಧಿ ಹೋಯಿತೋ (ಮನೆಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ), ರಾಜೀನಾಮೆ ಕೊಟ್ಟು ಸ್ವಂತ ಕೆಲಸ ಹಿಡಿದೆ. ಲಾರಿ ತೂಗುವ ವೇಬ್ರಿಜ್‌ಗಳ ರಿಪೇರಿ. ನಮ್ಮ ಕಡೆ ಅದಕ್ಕೆ ಕಾಂಟಾ ಅನ್ನುತ್ತಾರೆ. ಶಹಾಬಾದಿನ ಕಲ್ಲಿಗೂ ಕಾಂಟಾ ಬೇಕು, ಸೇಡಂನ ದಾಲ್ ಮಿಲ್ಲಿಗೂ ಬೇಕು, ಚಿಂಚೋಳಿ ಹತ್ತಿರದ ಐನಾಪುರದಲ್ಲಿ ತೊಗರಿ ಖರೀದಿಸುವವರಿಗೂ ಬೇಕು. ಕಾಂಟಾ ಇದ್ದಲ್ಲಿ ತೂಕದ ಜಗಳ ಇದ್ದೇ ಇರುತ್ತದೆ. ಜಗಳ ಜೋರಾದಾಗ ನನಗೆ ಫೋನು ಬರುತ್ತದೆ.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ಕೆಲಸ ಮಾಡಿದೆ, ಬಿಲ್ಲು ಕೊಟ್ಟೆ, ದುಡ್ಡು ಬಂತು. ಬಂದದ್ದೆಲ್ಲ ನನ್ನದೇ ಅಂದುಕೊಂಡೆ. ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ ಕೊಂಡೆ. ಅದರ ಹಿಂದೆ ಪೇರಿಸಲು, ಕಾಂಟಾ ಪರೀಕ್ಷೆಗೆ ಬೇಕಾದ ಕಬ್ಬಿಣದ ತೂಕದ ಕಲ್ಲುಗಳನ್ನು ಕೊಂಡೆ. ಆ ಗಾಡಿ, ಆ ಕಲ್ಲುಗಳು ಇದ್ದರೆ ನನಗೆ ಕೆಲಸ ಉಂಟು. ಅವಿಲ್ಲದಿದ್ದರೆ ನಾನು ಬರೀ ಸ್ಕ್ರೂಡ್ರೈವರ್ ಹಿಡಿದ ಮನುಷ್ಯ.

ತೆರಿಗೆ? ಅದರ ನೆನಪೇ ಬರಲಿಲ್ಲ. ಯಾಕೆ ಬರಬೇಕು? ಫ್ಯಾಕ್ಟರಿಯಲ್ಲಿದ್ದಷ್ಟು ವರ್ಷ ಪಗಾರ ಕೈಗೆ ಬರುವ ಮೊದಲೇ ಅವರು ತೆರಿಗೆ ಮುರಿದುಕೊಳ್ಳುತ್ತಿದ್ದರು. ಅಷ್ಟೂ ವರ್ಷ ನಾನು ತೆರಿಗೆ ಕಟ್ಟಿದ್ದೇನೆ, ಒಮ್ಮೆಯೂ ಕೈಯಿಂದ ಎಣಿಸಿ ಕೊಟ್ಟಿಲ್ಲ. ಪಗಾರದವರಿಗೆ ತೆರಿಗೆ ಅನ್ನುವುದು ಪೇಪರಿನ ಸುದ್ದಿ. ಸ್ವಂತ ಕೆಲಸದವರಿಗೆ ಅದು ಬಾಗಿಲಿಗೆ ಬರುವ ಅತಿಥಿ. ಅವನಿಗೂ ಒಂದು ತಟ್ಟೆ ಹಾಕಿರಬೇಕು ಅಂತ ನನಗೆ ಯಾರು ಹೇಳಿದ್ದರು?

ನನ್ನ ಹೆಂಡತಿ ಸುವರ್ಣಾ ಚಿತ್ತಾಪುರದಲ್ಲಿ ಹೈಸ್ಕೂಲ್ ಟೀಚರ್. ಅವಳು ಒಂದೇ ಮಾತಿನಲ್ಲಿ ನನ್ನ ವರ್ಷದ ಲೆಕ್ಕ ಮುಗಿಸಿದಳು: ‘ಊರ ಲಾರಿಗೆಲ್ಲಾ ಖಾಲಿ ತೂಕ ತಗೀತೀರಿ. ನಿಮ್ಮದೊಂದು ತಗೀಲಿಕ್ಕ ಮರ್ತೀರೇನ್ರಿ?’

ಕಾಂಟಾ ಗೊತ್ತಿಲ್ಲದವರಿಗೆ ವಿವರಿಸುತ್ತೇನೆ. ಕಲ್ಲು ತುಂಬಿದ ಲಾರಿ ತೂಗಿದಾಗ ಬರುವ ತೂಕದಲ್ಲಿ ಲಾರಿಯದೂ ಸೇರಿರುತ್ತದೆ. ಖಾಲಿ ಲಾರಿಯ ತೂಕ ಕಳೆದರೆ ಉಳಿಯುವುದೇ ಕಲ್ಲು. ನಾನು ಇಡೀ ವರ್ಷ ಲಾರಿಯನ್ನೂ ಕಲ್ಲು ಅಂತಲೇ ಲೆಕ್ಕ ಹಾಕಿದ್ದೆ.

ಇರಲಿ, ‘ಪೇ ಲೇಟರ್’ ಇದೆಯಲ್ಲ! ಉದ್ರಿ ಕೊಡುವ ಅಂಗಡಿಗಳ ನಡುವೆ ಬೆಳೆದವನು ನಾನು. ನಮ್ಮ ಊರುಗಳಲ್ಲಿ ‘ಆಮೇಲೆ ಕೊಡಿ’ ಅಂದರೆ ಅದೊಂದು ಗೌರವ. ನಿಮ್ಮ ಮೇಲೆ ವಿಶ್ವಾಸ ಇದೆ ಅಂತ ಅರ್ಥ. ಆಮೇಲೆ ಅಂದರೆ ಯಾವಾಗ ಅಂತ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ತೊಗರಿ ರಾಶಿ ಆದ ಮೇಲೆ, ಮಗಳ ಮದುವೆ ಆದ ಮೇಲೆ, ಕಲ್ಲಿನ ಲೋಡ್ ಹೋದ ಮೇಲೆ. ಸರ್ಕಾರವೂ ನಮ್ಮ ಕಡೆಯವರ ಹಾಗೆ ಆಗಿದೆ ಅಂತ ಖುಷಿಪಟ್ಟು ಬಟನ್ ಒತ್ತಿ ಮಲಗಿದೆ. ಬಟನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ನಾನು ಓದಲಿಲ್ಲ. ನೀವು ಓದುತ್ತೀರಾ?

ಅಲ್ಲಿ ಏನಿತ್ತು ಅಂತ ಕೆಲವು ವಾರಗಳ ನಂತರ ಬಂದ ಇಮೇಲ್ ದೊಡ್ಡ ಅಕ್ಷರದಲ್ಲಿ ಹೇಳಿತು. ತೆರಿಗೆ, ಅದರ ಮೇಲೆ ಬಡ್ಡಿ, ಒಂದು ತಿಂಗಳೊಳಗೆ ಕಟ್ಟತಕ್ಕದ್ದು. ಅಸಲಿಗೆ ಆ ಹಣವನ್ನು ವರ್ಷದ ನಡುವೆಯೇ, ಜೂನ್‌ನಿಂದ ಮಾರ್ಚ್‌ವರೆಗೆ ನಾಲ್ಕು ಕಂತುಗಳಲ್ಲಿ ಮುಂಗಡವಾಗಿ ಕಟ್ಟಬೇಕಿತ್ತಂತೆ. ಕಟ್ಟದಿದ್ದಕ್ಕೆ ಬಡ್ಡಿ. ಕಂತು ತಪ್ಪಿಸಿದ್ದಕ್ಕೆ ಇನ್ನೊಂದು ಬಡ್ಡಿ. ನನಗೆ ಕಂತು ಇತ್ತು ಅನ್ನುವುದೇ ಕಂತು ತಪ್ಪಿದ ಮೇಲೆ ಗೊತ್ತಾಯಿತು.

ಅದೇ ವಾರ ಫ್ಯಾಕ್ಟರಿಯ ನನ್ನ ಹಳೆಯ ಮ್ಯಾನೇಜರ್ ಫೋನ್ ಮಾಡಿದರು. ‘ನಿಂದೇ ಜಾಗಾ ಖಾಲಿ ಅದ. ಈ ತಿಂಗಳ ಕಡೀತನಕ ನಿನ್ನ ಸಲುವಾಗಿ ಹಿಡದಿಡ್ತೀನಿ. ವಿಚಾರ ಮಾಡು.’

ವಿಚಾರ ಮಾಡಿದೆ. ಬ್ಯಾಂಕಿನಲ್ಲಿ ಅಷ್ಟು ಹಣ ಇರಲಿಲ್ಲ. ಒಂದೇ ಸಲ ಕಟ್ಟಬೇಕೆಂದರೆ ಪಿಕಪ್ ಮತ್ತು ತೂಕದ ಕಲ್ಲುಗಳನ್ನು ಮಾರಬೇಕು. ಕೊಳ್ಳುವವರು ಸೇಡಂನಲ್ಲಿ ಸಿದ್ಧವಾಗಿಯೇ ಇದ್ದರು. ಅವನ್ನು ಮಾರಿದರೆ ಸ್ವಂತ ಕೆಲಸ ಮುಗಿಯಿತು, ಮತ್ತೆ ಫ್ಯಾಕ್ಟರಿ ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಹೋಗಬೇಕು. ನಿಜ ಹೇಳುತ್ತೇನೆ, ಭಯವಾಯಿತು. ಗಾಡಿ ಹೋಗುತ್ತದೆ ಅಂತಲ್ಲ. ಒಂದೇ ವರ್ಷಕ್ಕೆ ವಾಪಸ್ ಬಂದನಲ್ಲ ಅಂತ ಕ್ಯಾಂಟೀನಿನಲ್ಲಿ ನಗುವ ಮುಖಗಳು ಕಣ್ಣ ಮುಂದೆ ಬಂದವು.

‘ಕಂತಿನ್ಯಾಗ ತಗೋತಾರೇನು ಕೇಳ್ರಲ್ಲ. ಕೇಳಿದ್ರ ಬಾಯಿ ಸವೀತದೇನು?’ ಅಂದಳು ಸುವರ್ಣಾ.

ಕೇಳುವುದು! ಅದೇ ನನಗೆ ಬಾರದ ವಿದ್ಯೆ. ನನಗೊಬ್ಬನಿಗೇ ಅಲ್ಲ, ನಮ್ಮ ಕಡೆ ಯಾರಿಗೂ ಬಾರದು. ನಮ್ಮಲ್ಲಿ ದುಡ್ಡಿನ ಮಾತಿಗೆ ಒಂದು ರೀತಿ ಇದೆ. ಹೋದ ಕೂಡಲೇ ಕೇಳಬಾರದು. ಕೂಡಬೇಕು. ನೀರು ಬರುತ್ತದೆ, ಚಹಾ ಬರುತ್ತದೆ. ಮಳೆ, ಬೆಳೆ, ಯಾರ ಮಗಳಿಗೆ ಯಾವ ಊರಿನ ವರ ನೋಡಿದರು, ಎಲ್ಲ ಆಗಬೇಕು. ಆಮೇಲೆ ‘ಬರ್ತೀನ್ರಿ’ ಅಂತ ಎದ್ದು, ಹೊಸ್ತಿಲು ದಾಟಿ, ಚಪ್ಪಲಿಗೆ ಕಾಲು ತೂರಿಸುತ್ತ, ಈಗಷ್ಟೇ ನೆನಪಾದವರಂತೆ ತಿರುಗಿ, ‘ಮತ್ತ… ಅದು?’ ಅನ್ನಬೇಕು. ಅದು ಅಂದರೆ ಯಾವುದು ಅಂತ ಇಬ್ಬರಿಗೂ ಗೊತ್ತು. ‘ನೋಡೂಣು ತಗೋ’ ಅಂತ ಉತ್ತರ ಬರುತ್ತದೆ. ಕೇಳಿದಂತೆಯೂ ಆಯಿತು, ಕೇಳದಂತೆಯೂ ಆಯಿತು. ಕೂತಲ್ಲೇ ಕೇಳುವವರು ಜಗಳಕ್ಕೆ ಬಂದವರು.

ಈ ವಿದ್ಯೆಯನ್ನೇ ಕಟ್ಟಿಕೊಂಡು ನಾನು ಕಲಬುರಗಿಯ ತೆರಿಗೆ ಕಚೇರಿಗೆ ಹೋದೆ.

ಅಧಿಕಾರಿ ಒಬ್ಬ ಮಹಿಳೆ. ಮೈಸೂರು ಕಡೆಯವರಿರಬೇಕು. ಕೂತುಕೊಳ್ಳಿ ಅಂದರು. ಕೂತೆ. ಬಿಸಿಲಿನ ಬಗ್ಗೆ ಮಾತಾಡಿದೆ. ವಾಡಿಯಲ್ಲಿ ರೈಲು ನಿಂತುಬಿಟ್ಟದ್ದನ್ನು ಹೇಳಿದೆ. ‘ನಿಮಗ ನಮ್ಮ ಕಡೆ ರೊಟ್ಟಿ ಒಗ್ಗೇದೇನ್ರಿ ಮೇಡಂ?’ ಅಂತ ವಿಚಾರಿಸಿದೆ. ಅವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ‘ಬಂದ ವಿಷಯ?’ ಅಂದರು. ‘ಏನಿಲ್ರಿ, ಹಂಗೇ ನೋಟೀಸು ಬಂದಿತ್ತು, ಭೇಟಿ ಆಗಿ ಹೋಗೂಣು ಅಂತ’ ಅಂದೆ. ನೋಟೀಸು ಬಂದದ್ದಕ್ಕೆ ಹಂಗೇ ಭೇಟಿಯಾಗಲು ಬಂದವನನ್ನು ಅವರು ಅದೇ ಮೊದಲು ನೋಡಿರಬೇಕು.

ಎದ್ದೆ. ಕೈ ಮುಗಿದೆ. ಬಾಗಿಲವರೆಗೆ ಹೋದೆ. ಒಂದು ಕಾಲು ಹೊರಗಿಟ್ಟೆ. ತಿರುಗಿದೆ.

‘ಮತ್ತ ಮೇಡಂ… ಅದು, ಕಂತಿನ್ಯಾಗ ಏನರ…’

‘ಕಂತು ಕೇಳೋಕೇ ಬಂದಿದ್ದಾ ನೀವು?’

‘ಹೌದ್ರಿ.’

‘ಹಾಗಾದ್ರೆ ಒಳಗೆ ಬನ್ನಿ. ಕೂತ್ಕೊಂಡು ಕೇಳಿ.’

ಮತ್ತೆ ಕೂತೆ. ಅವರು ನಗಲಿಲ್ಲ, ಗದರಲೂ ಇಲ್ಲ. ಅರ್ಜಿ ಬರೆಯಿರಿ, ಯಾಕೆ ಒಮ್ಮೆಲೇ ಕಟ್ಟಲಾಗದು ಅಂತ ಬರೆಯಿರಿ, ಯಾವ ತಾರೀಖಿಗೆ ಎಷ್ಟು ಕಟ್ಟುತ್ತೀರಿ ಅಂತ ಬರೆಯಿರಿ, ನೋಡಿ ಆದೇಶ ಮಾಡುತ್ತೇವೆ ಅಂದರು. ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಒಂದು ಕಂತು ತಪ್ಪಿದರೆ ಉಳಿದದ್ದೆಲ್ಲ ಒಮ್ಮೆಲೇ ಕಟ್ಟಬೇಕಾಗುತ್ತದೆ.

‘ನಿಮಗೆ ಹೊರಗಡೆಯಿಂದ ಬರಬೇಕಾದ ಹಣ ಇದೆಯಾ?’

‘ಅದ ರಿ. ಒಬ್ಬರ ಕಡೆಯಿಂದನೇ ಭಾಳ ಬರೋದದ.’

‘ಯಾವಾಗ ಬರುತ್ತೆ?’

‘ನೋಡೂಣು ಅಂದಾರ್ರಿ.’

‘ಅದು ತಾರೀಖಲ್ಲ’ ಅಂದರು.

ಹೊರಗೆ ಬಂದು ಬೇವಿನ ಗಿಡದ ನೆರಳಿನಲ್ಲಿ ನಿಂತೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೆ ಬರಬೇಕಾದ ಬಾಕಿ ಇತ್ತು, ತಾರೀಖು ಇರಲಿಲ್ಲ. ಆ ಬಾಕಿ ರಾವೂರಿನ ಶರಣಪ್ಪ ಕಾಕಾನದು.

ಕಾಕಾ ನನ್ನ ಸಂಬಂಧಿಕನಲ್ಲ. ಆದರೆ ಸಂಬಂಧಿಕರು ಮಾಡದ್ದನ್ನು ಮಾಡಿದವನು. ನಾನು ರಾಜೀನಾಮೆ ಕೊಟ್ಟು ‘ಕಾಂಟಾ ರಿಪೇರಿ ಮಾಡುತ್ತೇನೆ’ ಅಂತ ಊರೂರು ತಿರುಗುತ್ತಿದ್ದಾಗ, ಎಲ್ಲರೂ ‘ಮೊದಲು ಎಲ್ಲಿ ಮಾಡಿದ್ದೀರಿ?’ ಅಂತ ಕೇಳಿದರು. ಕಾಕಾ ಕೇಳಲಿಲ್ಲ. ತನ್ನ ಕಲ್ಲಿನ ಖಣಿಯ ಕಾಂಟಾ ತೋರಿಸಿ, ‘ಬಿಚ್ಚು, ನೋಡೂಣು’ ಅಂದ. ಆ ದಿನದಿಂದ ಅವನ ಎರಡು ಕಾಂಟಾಗಳೂ ನನ್ನ ಕೈಯಲ್ಲೇ ಇವೆ. ಹೋದಾಗಲೆಲ್ಲ ಚಹಾ. ಬರೀ ಚಹಾ ಅಲ್ಲ. ಶುಂಠಿ ಜಜ್ಜಿ ಹಾಕಿದ, ಬಸಿಯಲ್ಲಿ ಸುರುವಿಕೊಂಡು ಕುಡಿಯುವ ಚಹಾ. ‘ನಮ್ಮ ಇಂಜಿನಿಯರ್’ ಅಂತ ಬಂದವರಿಗೆಲ್ಲ ಪರಿಚಯ. ಹಣ ಮಾತ್ರ ಅಪರೂಪಕ್ಕೆ ಬರುತ್ತಿತ್ತು. ನಾನು ಪ್ರತಿ ಸಲ ಹೊಸ್ತಿಲಲ್ಲಿ ತಿರುಗಿ ‘ಮತ್ತ… ಅದು?’ ಅನ್ನುತ್ತಿದ್ದೆ. ಅವನು ‘ನೋಡೂಣು ತಗೋ’ ಅನ್ನುತ್ತಿದ್ದ.

ಇದರಲ್ಲಿ ಒಂದು ತಮಾಷೆಯೂ ಇದೆ. ಕಾಕಾನ ಮುನೀಮರು ಭಾಳ ಶಿಸ್ತಿನ ಮನುಷ್ಯ. ನನ್ನ ಬಿಲ್ಲುಗಳನ್ನೆಲ್ಲ ಲೆಕ್ಕಕ್ಕೆ ಹಾಕಿ, ಅದರಲ್ಲಿ ಮೊದಲೇ ಮುರಿದುಕೊಳ್ಳುವ ತೆರಿಗೆಯನ್ನು, ಅಂದರೆ ಟಿಡಿಎಸ್ಸನ್ನು, ಸರಿಯಾದ ಸಮಯಕ್ಕೆ ಸರ್ಕಾರಕ್ಕೆ ಕಟ್ಟಿದ್ದರು. ಹಾಗಾಗಿ ಆ ಬಿಲ್ಲುಗಳೆಲ್ಲ ನನ್ನ ಆದಾಯ ಅಂತ ಸರ್ಕಾರಕ್ಕೆ ಗೊತ್ತಿತ್ತು. ನಾನೂ ರಿಟರ್ನಿನಲ್ಲಿ ಹಾಗೆಯೇ ತೋರಿಸಿದ್ದೆ. ಆ ಆದಾಯದ ಮುಖವನ್ನು ನೋಡದವನು ನಾನೊಬ್ಬನೇ.

ಮರುದಿನ ಬೆಳಿಗ್ಗೆ ರಾವೂರಿಗೆ ಹೋದೆ. ದಾರಿಯುದ್ದಕ್ಕೂ ಮೇಡಂ ಹೇಳಿದ ಒಂದೇ ಮಾತು ತಲೆಯಲ್ಲಿತ್ತು. ಕೂತ್ಕೊಂಡು ಕೇಳಿ.

‘ಬಾ ತಮ್ಮಾ, ಕುಂದ್ರು. ಏ, ಯಾರದೀರಿ ಒಳಗ? ಚಾ ಮಾಡ್ರಿ!’

‘ಚಾ ಆಮ್ಯಾಲ ಕಾಕಾ. ನಂದು ಬಾಕಿ ಬೇಕಾಗ್ಯಾದ್ರಿ.’

ಅಡಿಕೆ ಕತ್ತರಿಸುತ್ತಿದ್ದ ಕಾಕಾ ಕೈ ನಿಲ್ಲಿಸಿದ. ನನ್ನ ಮುಖ ನೋಡಿದ. ‘ಮನ್ಯಾಗ ಎಲ್ಲಾರೂ ಆರಾಮ್ ಅದಾರಿಲ್ಲೋ? ದವಾಖಾನಿ ಗಿವಾಖಾನಿ ಏನರ…?’

‘ಎಲ್ಲಾ ಆರಾಮ್ ಅದಾರ್ರಿ. ಟ್ಯಾಕ್ಸ್ ಕಟ್ಟಬೇಕಾಗ್ಯಾದ.’

‘ಟ್ಯಾಕ್ಸಾ? ಇಷ್ಟೇನಾ! ಗೌರ್ಮೆಂಟ್ ಎಲ್ಲಿ ಓಡಿ ಹೋಗ್ತದೋ ಮಾರಾಯಾ?’

‘ನಿಮ್ಮ ಬಿಲ್ಲಿನ ಮ್ಯಾಲೂ ಟ್ಯಾಕ್ಸ್ ಬಿದ್ದದ್ರಿ ಕಾಕಾ. ಕಟ್ಟಲಿಲ್ಲಂದ್ರ ಗಾಡಿ ಮಾರಬೇಕಾಗ್ತದ.’

‘ನಾ ಕೊಡಂಗಿಲ್ಲ ಅಂದೀನೇನು? ನೀನೂ ಎಂದೂ ಕೇಳಿಲ್ಲ.’

‘ಕೇಳೀನ್ರಿ. ಬಾಗಲಾಗ ನಿಂತು ಭಾಳ ಸಲ ಕೇಳೀನಿ.’

‘ಬಾಗಲಾಗ ನಿಂತು ಕೇಳಿದ್ದು ಕೇಳಿದಂಗೇನೋ ತಮ್ಮಾ? ಅದು ಹೋಗ್ತಾ ಹೋಗ್ತಾ ಅನ್ನೋ ಮಾತು. ನಿನಗ ಸದ್ಯ ಬೇಕಾಗಿಲ್ಲ ಅಂತ ನಾ ತಿಳಕೊಂಡಿದ್ನಿ.’

ಅವನು ನೆಪ ಹೇಳುತ್ತಿರಲಿಲ್ಲ, ನಿಜವನ್ನೇ ಹೇಳುತ್ತಿದ್ದ. ‘ಪೇ ಲೇಟರ್’ ಬಟನ್ನನ್ನು ನಾನು ಅರ್ಥ ಮಾಡಿಕೊಂಡ ಹಾಗೆಯೇ ಅವನು ನನ್ನನ್ನು ಅರ್ಥ ಮಾಡಿಕೊಂಡಿದ್ದ.

‘ಕಲ್ಲು ಒಯ್ದ ಹೈದರಾಬಾದಿನವರು ನನಗ ಕೊಟ್ಟಂಗ ನಾ ನಿನಗ ಕೊಡ್ತೀನಿ. ಒಮ್ಮೆಲೇ ಆಗಂಗಿಲ್ಲ. ಮೂರು ಸಲ ಮಾಡಿ ಕೊಡ್ತೀನಿ, ಆತಿಲ್ಲೋ?’

ಅಲ್ಲಿಗೇ ನಿಲ್ಲಿಸಬಹುದಿತ್ತು. ಹಿಂದಿನ ನಾನಾಗಿದ್ದರೆ ನಿಲ್ಲಿಸುತ್ತಿದ್ದೆ. ಹೊರಗೆ ಬಿಸಿಲಿನಲ್ಲಿ ಪಿಕಪ್ ನಿಂತಿತ್ತು, ಹಿಂದೆ ತೂಕದ ಕಲ್ಲುಗಳು.

‘ಯಾವ ತಾರೀಖಿಗೆ ಎಷ್ಟು ಅಂತ ಜರಾ ಬರದು ಕೊಡ್ರಿ ಕಾಕಾ.’

ಒಳಗಿಂದ ಚಹಾ ಬಂತು. ಯಾರೂ ಕೈ ಚಾಚಲಿಲ್ಲ.

‘ಬರದು?’ ಅಂದ ಕಾಕಾ. ‘ನಿನಗ ಪೈಲಾ ಕೆಲಸ ಕೊಟ್ಟಾಗ ನಾ ಏನರ ಬರಸ್ಕೊಂಡಿದ್ನೇನು?’

ಇಲ್ಲ. ಬರೆಸಿಕೊಂಡಿರಲಿಲ್ಲ. ಒಂದು ಸರ್ಟಿಫಿಕೇಟ್ ಕೂಡ ಕೇಳಿರಲಿಲ್ಲ. ಆದರೂ ಬಾಯಿ ಹೇಳಿತು: ‘ಖರೆ ಅದ ಕಾಕಾ. ಆದರೂ ಬೇಕ್ರಿ.’

ಅವನು ಟೇಬಲ್ ಮೇಲಿದ್ದ ಕಾಂಟಾ ಚೀಟಿಯೊಂದನ್ನು ಎಳೆದುಕೊಂಡ. ಲಾರಿಯ ತೂಕ ಅಚ್ಚಾದ ಚೀಟಿ. ಅದರ ಬೆನ್ನ ಮೇಲೆ ಮೂರು ತಾರೀಖು, ಮೂರು ಮೊತ್ತ ಬರೆದ. ಸಹಿ ಮಾಡಿದ. ‘ಶಿಕ್ಕಾನೂ ಹೊಡೀಲೇನು?’ ಅಂದ. ಬೇಡ ಅಂದೆ. ಹೊಡೆದ. ರಬ್ಬರ್ ಶಿಕ್ಕಾ ಟೇಬಲ್ಲಿಗೆ ಬಡಿದ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಕಾಕಾನ ತಾರೀಖುಗಳಿಗೆ ಎರಡೆರಡು ದಿನ ಸೇರಿಸಿ ನನ್ನ ತಾರೀಖುಗಳನ್ನು ಅರ್ಜಿಯಲ್ಲಿ ಬರೆದುಕೊಟ್ಟೆ. ಕಂತಿಗೆ ಒಪ್ಪಿಗೆ ಸಿಕ್ಕಿತು. ಮ್ಯಾನೇಜರಿಗೆ ಫೋನ್ ಮಾಡಿ ‘ಬರಂಗಿಲ್ರಿ’ ಅಂದೆ. ಸೇಡಂನವರಿಗೂ ಗಾಡಿ ಮಾರುವುದಿಲ್ಲ ಅಂದೆ. ಕಾಕಾ ಒಂದು ತಾರೀಖನ್ನೂ ತಪ್ಪಿಸಲಿಲ್ಲ. ಮೊಬೈಲಿನಲ್ಲಿ ಹಣ ಬಂದ ಸದ್ದಾಗುತ್ತಿತ್ತು, ಸಂಜೆಯೊಳಗೆ ಅದು ಸರ್ಕಾರಕ್ಕೆ ಹೋಗುತ್ತಿತ್ತು. ಕೊನೆಯ ಕಂತನ್ನಂತೂ ಅವನು ಒಂದು ದಿನ ಮೊದಲೇ ಹಾಕಿದ. ಈ ಫೆಬ್ರವರಿಯಲ್ಲಿ ನನ್ನ ಬಾಕಿ ಮುಗಿಯಿತು.

ಈಗ ಮನೆಯಲ್ಲಿ ಹೊಸ ನಿಯಮ. ಯಾರಿಂದ ಎಷ್ಟೇ ಹಣ ಬರಲಿ, ಅದರಲ್ಲಿ ಒಂದು ಪಾಲು ಅದೇ ದಿನ ಬೇರೆ ಖಾತೆಗೆ ಹೋಗುತ್ತದೆ. ಅದಕ್ಕೆ ಸುವರ್ಣಾ ಇಟ್ಟ ಹೆಸರು ಖಾಲಿ ತೂಕದ ಖಾತೆ. ಎಟಿಎಂ ಕಾರ್ಡು ಅವಳ ಬಳಿ. (ಪಿನ್ ನನಗೆ ಗೊತ್ತಿಲ್ಲ. ಕೇಳಿದೆ. ಹೊಸ್ತಿಲಲ್ಲಿ ನಿಂತಲ್ಲ, ಕೂತೇ ಕೇಳಿದೆ. ಹೇಳಲಿಲ್ಲ.) ಜೂನ್ ಬಂದರೆ ಮುಂಗಡ ಕಂತು ಅಲ್ಲಿಂದಲೇ ಹೋಗುತ್ತದೆ. ಹೊಸದಾಗಿ ಅಂಗಡಿ ಇಟ್ಟವರು, ನೌಕರಿ ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಇಷ್ಟು ಮಾಡಿ ಸಾಕು. ತೆರಿಗೆಯ ವಿಷಯದಲ್ಲಿ ನನಗೆ ಬಂದ ಜ್ಞಾನ ಇಷ್ಟೇ.

ಇನ್ನೊಂದು ವಿಷಯದಲ್ಲಿ ಜ್ಞಾನ ಇನ್ನೂ ಬಂದಿಲ್ಲ.

ನನ್ನ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲದ ಅಧಿಕಾರಿ ನನ್ನಿಂದ ಬರೆಸಿಕೊಂಡರು. ನನಗೆ ಬೇಸರವಾಗಲಿಲ್ಲ. ವ್ಯವಹಾರ ಅಂದುಕೊಂಡೆ. ನನ್ನನ್ನು ಪೂರ್ತಿ ಬಲ್ಲ ಕಾಕಾನಿಂದ ನಾನು ಬರೆಸಿಕೊಂಡೆ. ಅದೂ ವ್ಯವಹಾರವೇ ತಾನೇ? ಮತ್ತೆ ಯಾಕೆ ಅದು ನನಗೂ ಚುಚ್ಚುತ್ತದೆ, ಅವನಿಗೂ ಚುಚ್ಚುತ್ತದೆ?

ಕಳೆದ ವಾರ ರಾವೂರಿನಿಂದ ಫೋನ್ ಬಂತು. ಕಾಕಾನದಲ್ಲ, ಮುನೀಮರದು. ಒಂದು ಕಾಂಟಾ ತಪ್ಪು ತೋರಿಸುತ್ತಿದೆ ಬರ್ರಿ ಅಂದರು. ಹೋದೆ. ಭಾರ ಅಳೆಯುವ ಒಂದು ಲೋಡ್ ಸೆಲ್ ಕೆಟ್ಟಿತ್ತು, ಬದಲಿಸಿದೆ. ತೂಕದ ಕಲ್ಲುಗಳನ್ನು ಇನ್ನೂ ಗಾಡಿಗೆ ಏರಿಸಿರಲಿಲ್ಲ, ಅಷ್ಟರಲ್ಲಿ ಮುನೀಮರು ಬಂದು ಪೂರ್ತಿ ಹಣ ಕೈಗಿಟ್ಟರು. ‘ಸಾಹೇಬ್ರು ಹೇಳ್ಯಾರ್ರಿ, ನಿಮ್ಮದು ಉದ್ರಿ ಇಡಬ್ಯಾಡ ಅಂತ.’ ಸ್ವಂತ ಕೆಲಸದವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಉಂಟೇ? ಆದರೆ ಹಣ ಎಣಿಸುವಾಗ ನನಗೆ ಅಳು ಬಂದಂತಾಯಿತು.

ಒಳಗೆ ಆಫೀಸಿನಲ್ಲಿ ಕಾಕಾ ಕಲ್ಲು ಕೊಳ್ಳಲು ಬಂದವರ ಜೊತೆ ಕೂತಿದ್ದ. ಎಲ್ಲರ ಕೈಯಲ್ಲೂ ಬಸಿ. ಶುಂಠಿಯ ವಾಸನೆ ಹೊರಗೂ ಬರುತ್ತಿತ್ತು. ಬಾಗಿಲಿಗೆ ಹೋಗಿ ನಿಂತೆ.

‘ಬರ್ತೀನ್ರಿ ಕಾಕಾ.’

‘ಹೂಂ. ರೊಕ್ಕ ಮುಟ್ಟೇದಿಲ್ಲೋ?’

‘ಮುಟ್ಟೇದ್ರಿ.’

‘ಆತು ಮತ್ತ.’

ಹೊಸ್ತಿಲು ದಾಟಿದೆ. ಕಾಲು ಚಪ್ಪಲಿ ಹುಡುಕುತ್ತಿತ್ತು. ಎಷ್ಟು ವರ್ಷದ ಅಭ್ಯಾಸವೋ, ತಾನಾಗಿಯೇ ತಿರುಗಿದೆ. ‘ಮತ್ತ…’ ಅಂತ ಬಾಯಿಗೆ ಬಂದೇಬಿಟ್ಟಿತು.

ಕಾಕಾ ಬಸಿಯಿಂದ ತಲೆ ಎತ್ತಿದ. ‘ಇನ್ನೇನರ ಬಾಕಿ ಅದೇನು?’

‘ಇಲ್ರಿ’ ಅಂದೆ, ಬಂದುಬಿಟ್ಟೆ.

ಇದೆ, ಒಂದು ಕಪ್ ಚಹಾ ಬಾಕಿ ಇದೆ. ಅದನ್ನು ಕೂತು ಕೇಳಬೇಕೋ, ಹೊಸ್ತಿಲಲ್ಲಿ ನಿಂತು ಕೇಳಬೇಕೋ?